ಪ್ರಧಾನರ ನೆರಳು ಕೇರಿಗೆ ಬಂದ ಸಂಜೆ

ನಮ್ಮ ಊರಿನಲ್ಲಿ ಪ್ರಧಾನರು ಗಡಿ ದಾಟುವಾಗ ನೆರಳನ್ನು ಕುರ್ಚಿಯಲ್ಲಿ ಬಿಟ್ಟು ಹೋಗಬೇಕು. ಕುರ್ಚಿ ಖಾಲಿ ಬೀಳಕೂಡದು ಎಂಬುದು ಕಟ್ಟಳೆ. ಕಡಲಾಚೆಯ ಯುದ್ಧಕ್ಕೆ ಹೊರಟ ದಿನ ಇಂದುಧರಯ್ಯನವರು ಚಾವಡಿಯ ಅಂಗಳಕ್ಕೆ ಬಂದು, ಚಪ್ಪಲಿ ಬಿಟ್ಟಷ್ಟೇ ಸಲೀಸಾಗಿ ನೆರಳನ್ನು ಬಿಟ್ಟು, ಕುರ್ಚಿಯಲ್ಲಿ ಅದನ್ನು ಸರಿಯಾಗಿ ಕೂರಿಸಿ, ಬಿಸಿಲಿನಲ್ಲಿ ಬೋಳುಬೋಳಾಗಿ ನಡೆದು ಹೋಗಿ ಹಡಗು ಹತ್ತಿದರು. ನೆರಳಿಗೆ ಕೈ ಆಡುತ್ತಿತ್ತು, ತಲೆ ಆಡುತ್ತಿತ್ತು, ಬೇಸರವಾದರೆ ಮೀಸೆ ತಿರುವುತ್ತಿತ್ತು. ಬೆಳಗ್ಗೆ ಸಂಜೆ ಉದ್ದ, ಮಧ್ಯಾಹ್ನ ಗಿಡ್ಡ ಎಂಬ ಸೂರ್ಯನ ಲೆಕ್ಕ ಅದಕ್ಕೂ ಉಂಟು. ಇಲ್ಲದ್ದು ಮಾತೊಂದೇ. ಆ ಕೆಲಸಕ್ಕೆ ನನ್ನನ್ನು ಇಟ್ಟುಕೊಂಡಿದ್ದರು. ಹುದ್ದೆಯ ಹೆಸರು ದನಿಗಾರ. ನೆರಳು ತಲೆ ಆಡಿಸಿದರೆ ನಾನು ಪ್ರಧಾನರ ದನಿಯಲ್ಲಿ, "ಆಗಲಪ್ಪಾ, ಆಗಲಿ. ಅಲ್ವೇ ಮತ್ತೆ?" ಅನ್ನಬೇಕು.

ನಾನು ಮಾದು, ಕೊನೆಕೇರಿಯವನು. ಪೇಟೆಬೀದಿ ಪಡುವಣದ ಬಂದರಿನ ಕಟ್ಟೆಯಿಂದ ಶುರುವಾಗಿ ಮೂಡಣಕ್ಕೆ ನೆಟ್ಟಗೆ ಬಂದು ಒಂದು ಬಿಳಿಗಲ್ಲಿನ ಹತ್ತಿರ ಮುಗಿಯುತ್ತದೆ. ಕಲ್ಲಿನ ಈಚೆ ನಾವು. ನಮ್ಮ ನೆರಳು ಪೇಟೆಬೀದಿಯವರ ನೆರಳಿಗೆ ತಾಗಿದರೆ ಅವರಿಗೆ ಮೈಲಿಗೆ. ತಾಗಿಸಿಕೊಂಡವರು ಸಾಮಾನ್ಯರಾದರೆ ಒಂದು ಸ್ನಾನ. ಅಧಿಕಾರದ ಕುರ್ಚಿಯಲ್ಲಿ ಇರುವವರಾದರೆ ಹನ್ನೊಂದು ದಿನ ಕುರ್ಚಿ ಬಿಡಬೇಕು; ಕುರ್ಚಿ ಖಾಲಿ ಬೀಳಬಹುದಾದ್ದು ಆಗ ಮಾತ್ರ. ಹಾಗಾಗಿ ನಾವು ಬಿಳಿಗಲ್ಲು ದಾಟುವುದು ಮಧ್ಯಾಹ್ನ ಹನ್ನೆರಡರ ಗಂಟೆ ಹೊಡೆದ ಮೇಲೆ, ನೆರಳು ಕಾಲಡಿಯಲ್ಲಿ ಮುದುರಿ ಕೂತಿರುವ ಅರ್ಧ ತಾಸು ಮಾತ್ರ. ಮೋಡ ಕವಿದ ದಿನ ಯಾರಿಗೂ ನೆರಳಿಲ್ಲವಾದ್ದರಿಂದ ಯಾವ ತಕರಾರೂ ಇಲ್ಲ. ನಮ್ಮ ಕೇರಿಯ ಮದುವೆಗಳೆಲ್ಲ ಮಳೆಗಾಲದಲ್ಲೇ ನಡೆಯುತ್ತವೆ. ಮೋಡ ಕಂಡರೆ ಹೆಂಗಸರು ಚೀಲ ಹಿಡಿದು ಅಂಗಡಿಗೆ ಓಡುತ್ತಾರೆ. ಅಷ್ಟರಲ್ಲಿ ಸೂರ್ಯ ಇಣುಕಿದರೆ ಯಾರದೋ ಜಗುಲಿಯ ಕೆಳಗೆ ನುಸುಳಿ, ಮುಂದಿನ ಮೋಡ ಬರುವವರೆಗೆ ಕೂತಿರುತ್ತಾರೆ.

ನಾನು ಅಣಕ ಕಲಿತದ್ದು ಆ ಜಗುಲಿಗಳ ಕೆಳಗೆ. ತಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಊರಿನ ದೊಡ್ಡವರು. ಅವರ ಮುಖ ಕಾಣದು, ದನಿ ಮಾತ್ರ ಕೇಳುತ್ತದೆ. ಹತ್ತು ವರ್ಷವಾಗುವಷ್ಟರಲ್ಲಿ ಊರಿನ ಅರ್ಧ ಗಂಟಲು ನನ್ನ ಗಂಟಲೊಳಗೆ ಸೇರಿತ್ತು. ಕಾಲೇಜಿಗೂ ಹೋದೆ. ದಿನಕ್ಕೆ ಅರ್ಧ ತಾಸಿನಂತೆ ಮೂರು ವರ್ಷದ ಪದವಿಗೆ ಹನ್ನೊಂದು ವರ್ಷ ಹಿಡಿಯಿತು. ಎಲ್ಲರೂ ಬಿ.ಎ. ಓದುತ್ತಾರೆ, ನಾನು ನಡುಹಗಲಿನಲ್ಲಿ ಬೇಯುತ್ತ ಓದಿದೆ. ಒಮ್ಮೆ ಚಹಾದಂಗಡಿಯ ಜಗುಲಿಯ ಕೆಳಗೆ ಕೂತು, ಮೇಲಿದ್ದವರ ಮೋಜಿಗಾಗಿ ಇಂದುಧರಯ್ಯನವರ ದನಿಯಲ್ಲಿ ಭಾಷಣ ಬಿಗಿಯುತ್ತಿದ್ದಾಗ ಮೇಲಿನ ನಗು ತಟ್ಟನೆ ನಿಂತಿತು. ಹಲಗೆಯ ಸಂದಿನಿಂದ ಎರಡು ಕನ್ನಡಕದ ಗಾಜು ಇಣುಕಿದವು.

"ನೋಡಪ್ಪಾ," ಎಂದಿತು ಅಸಲಿ ದನಿ. "ಈಗ ಮಾತಾಡಿದ್ದು ನಾನಾ, ನೀನಾ?"

"ನೀವೇ, ಸ್ವಾಮಿ. ನಾನು ಬರೀ ಬಾಯಿ ಆಡಿಸ್ದೆ."

ಅವರು ಕೆಮ್ಮು ಬರುವಷ್ಟು ನಕ್ಕರು. ಮಾರನೆಯ ದಿನ ನನಗೆ ನೌಕರಿ. ಹೊರಡುವ ಮುನ್ನ ಅಂಗಳದಲ್ಲಿ ಮೂರು ಮಾರು ದೂರ ನಿಲ್ಲಿಸಿ ಹೇಳಿದರು: "ನೋಡಪ್ಪಾ ಮಾದು, ಆ ಕಡೆ ಯುದ್ಧ, ಈ ಕಡೆ ನಿಮ್ಮ ಮಸೂದೆ. ಎರಡೂ ನನ್ನವೇ. ದೇವರು ಎರಡು ಕೈ ಕೊಟ್ಟಿರೋದು ಒಂದರಿಂದ ಇನ್ನೊಂದನ್ನ ಕಟ್ಟಿಹಾಕೋಕಲ್ಲ, ಅಲ್ವೇ ಮತ್ತೆ? ನನ್ನ ನೆರಳು ಏನು ತೋರಿಸುತ್ತೋ ಅಷ್ಟೇ ಹೇಳು. ಒಂದು ಮಾತು ಹೆಚ್ಚೂ ಬೇಡ, ಕಡಿಮೆಯೂ ಬೇಡ."

ಮಸೂದೆ ಎಂದರೆ ಒಂದೇ ಹಾಳೆ. ಯಾರು ಬೇಕಾದರೂ ಯಾವ ಹೊತ್ತಿನಲ್ಲಾದರೂ ಪೇಟೆಬೀದಿಯಲ್ಲಿ ನಡೆಯಬಹುದು, ನೆರಳಿಗೆ ಮೈಲಿಗೆಯಿಲ್ಲ ಎಂಬ ಎರಡು ಸಾಲು. ಅದು ಮೂವತ್ತು ದಿನ ಚಾವಡಿಯ ಗೋಡೆಯ ಮೇಲೆ ತೂಗಿ, ಆಮೇಲೆ ಪ್ರಧಾನರ ಕೈನೆರಳು ನೂರು ಎಣಿಸುವವರೆಗೆ ಅದರ ಮೇಲೆ ಬಿದ್ದರೆ ಕಾಯಿದೆ. ಆಜ್ಞೆಗಳಿಗೂ ಅದೇ ರುಜು. ಯುದ್ಧ ಮೂವತ್ತು ದಿನ ಕಾಯಲಿಲ್ಲ. ನೆರಳನ್ನು ಕಾಯಲು ಬಿಟ್ಟು ಅವರು ಹೋದರು.

ನಾನು ಹನ್ನೆರಡಕ್ಕೆ ಮುಂಚೆ ಹೋಗುವಂತಿಲ್ಲ, ಹನ್ನೆರಡೂವರೆಯ ಮೇಲೆ ಇರುವಂತಿಲ್ಲ. ಹಾಗಾಗಿ ನಮ್ಮ ನಾಡಿನ ರಾಜ್ಯಭಾರ ಆ ತಿಂಗಳು ಅರ್ಧ ತಾಸಿನದಾಯಿತು, ಅದೂ ಪ್ರಧಾನರು ಕುರ್ಚಿಯ ಬುಡದಲ್ಲಿ ಒಂದು ಕುಂಬಳಕಾಯಿಯಷ್ಟು ಇರುವ ಹೊತ್ತಿನಲ್ಲಿ. ಜನ ಬಗ್ಗಿ ಬಗ್ಗಿ ಅರ್ಜಿ ಹೇಳಿಕೊಳ್ಳುತ್ತಿದ್ದರು. ಕಾರ್ಯದರ್ಶಿ ಕಮಲಾಕ್ಷಮ್ಮನವರು ಮೊಣಕಾಲ ಮೇಲೆ ಕೂತು, ಆ ಕುಂಬಳಕಾಯಿಯ ಅಂಚು ಎತ್ತ ಅಲ್ಲಾಡಿತೆಂದು ನೋಡಿ ಬರೆದುಕೊಳ್ಳುತ್ತಿದ್ದರು. ಅವರದು ಇಸ್ತ್ರಿ ಹಾಕಿದ ಮಾತು, ಮಡಿಕೆ ಬೀಳುತ್ತಿರಲಿಲ್ಲ.

ಮನೆಯಲ್ಲಿ ನನ್ನ ತಂಗಿ ಕೆಂಪಿ ದಿನ ಎಣಿಸುತ್ತಿದ್ದಳು. ಪೇಟೆಬೀದಿಯ ದಾದಿಯರ ಶಾಲೆಯ ಪರೀಕ್ಷೆಯನ್ನು ಒಂದು ಮೋಡದ ದಿನ ಬರೆದು ಬಂದಿದ್ದಳು, ಸೀಟು ಸಿಕ್ಕಿತ್ತು. ಬರುವ ಸೋಮವಾರ ಬೆಳಗ್ಗೆ ಎಂಟಕ್ಕೆ ಹಾಜರಾಗಬೇಕು, ತಪ್ಪಿದರೆ ಸೀಟು ಮುಂದಿನವರಿಗೆ ಎಂದು ಕಾಗದ ಬಂದಿತ್ತು. ಮಸೂದೆಗೆ ಮೂವತ್ತು ದಿನ ತುಂಬುವುದು ಗುರುವಾರ.

"ಮಧ್ಯಾಹ್ನ ಹೋಗ್ತೀನಿ ಅಂತ ಕೇಳ್ಕೋಬಾರದೇನೇ?" ಎಂದೆ, ಸುಮ್ಮನೆ ಕೆಣಕಲು.

"ಅರ್ಧ ಗಂಟೇಲಿ ಯಾವ ಹೆಂಗ್ಸು ಹೆರ್ತಾಳಣ್ಣ? ನಿನ್ ಥರ ಹನ್ನೊಂದು ವರ್ಷ ಓದಿ ನಾನು ಬರೋ ಹೊತ್ಗೆ ಆ ಕೂಸೇ ಬಿ.ಎ. ಮಾಡ್ಕಂಡು ಬಂದು ನಂಗೆ ಕೈ ಮುಗಿತದೆ. ಗುರುವಾರ ನಿನ್ ಕುಂಬ್ಳಕಾಯಿ ಕೈ ಎತ್ತುತ್ತೋ ಇಲ್ವೋ, ಅದು ಹೇಳು."

ಬುಧವಾರ ಯುದ್ಧಭೂಮಿಯಿಂದ ಓಲೆ ಬಂತು. ನಮ್ಮ ಸೈನ್ಯ ಒಂದು ದ್ವೀಪದಲ್ಲಿ ಸಿಕ್ಕಿಕೊಂಡಿದೆ. ಹತ್ತು ದಿನದೊಳಗೆ ನಲವತ್ತು ದೋಣಿ ತಲುಪದಿದ್ದರೆ ಯಾರೂ ಹಿಂದಿರುಗುವುದಿಲ್ಲ. ದೋಣಿಗಳೆಲ್ಲ ದೋಣಿಮನೆಯ ವಿಶ್ವಂಭರರವು. ವಿಶ್ವಂಭರ ಎಂದರೆ ವಿಶ್ವವನ್ನು ಹೊತ್ತವನು ಎಂದರ್ಥ. ನಮಗೆ ಕಂಡಂತೆ ವಿಶ್ವವೇ ಅವರನ್ನು ಹೊತ್ತುಕೊಂಡು ತಿರುಗುತ್ತಿತ್ತು. ಅವರ ಒಬ್ಬನೇ ಮಗ ಅದೇ ದ್ವೀಪದಲ್ಲಿದ್ದ. ಹಾಗಿದ್ದೂ ಅವರು ಮೊದಲೇ ಪ್ರಧಾನರಿಗೆ ಬರೆದಿದ್ದರು, ಮಸೂದೆ ಕೆಳಗಿಳಿಸಿದರೆ ದೋಣಿ ಕೊಡುತ್ತೇನೆಂದು. ದೋಣಿ ಕೊಡದೆ ಇರುವವರಲ್ಲ. ಆದರೆ ಕೊಡುವುದಕ್ಕೆ ಮುಂಚೆ ಒಂದು ಸಲ ಎಳೆದು ನೋಡುವ ಜಾತಿ. ಓಲೆಯ ಕೊನೆಯ ಸಾಲು: "ದೋಣಿಮನೆಯವರು ಕೇಳಿದ್ದು ಕೊಡಿ. ಮಸೂದೆಯನ್ನು ಆಮೇಲೆ ನೋಡೋಣ."

ಅದನ್ನು ಪ್ರಧಾನರ ದನಿಯಲ್ಲೇ ನಾನು ಓದಬೇಕಾಯಿತು. ಮಿಮಿಕ್ರಿಯವನಿಗೆ ಒಂದು ಸಂಕಟವುಂಟು: ಒಬ್ಬರ ದನಿ ಗಂಟಲಿಗೆ ಬಂದರೆ ಅವರ ಎದೆಯೂ ಸ್ವಲ್ಪ ಬಂದುಬಿಡುತ್ತದೆ. ಆ ಸಾಲು ಓದುವಾಗ, ಅಲ್ಲಿ ಆ ಮನುಷ್ಯ ಸುತ್ತ ಸಾಯುತ್ತಿರುವ ಹುಡುಗರನ್ನು ನೋಡುತ್ತ ಬರೆದಿದ್ದಾರೆ ಎಂದು ತಿಳಿಯಿತು. ಬೈಯಲು ಬಾಯಿ ಬರಲಿಲ್ಲ. ಓದಿ ಮುಗಿಸಿದಾಗ ಕುಂಬಳಕಾಯಿಯ ಅಂಚು ಅಲ್ಲಾಡಿತು.

"ಒಲ್ಲೆ ಅಂತಿದೆ," ಎಂದೆ ನಾನು.

"ಹೂಂ ಅಂತಿದೆ," ಎಂದರು ವಿಶ್ವಂಭರರು. "ಏನೋ ಮಾದು, ನಿನ್ನ ಕೇರಿಯ ಮಸೂದೆ, ನಿನ್ನದೇ ಬಾಯಿ, ನಿನ್ನದೇ ಕಣ್ಣು. ಚೆನ್ನಾಗಿದೆಯಪ್ಪ ವ್ಯಾಪಾರ!"

ಕಮಲಾಕ್ಷಮ್ಮನವರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. "ಇಷ್ಟು ಗಿಡ್ಡ ನೆರಳಿನಲ್ಲಿ ಅಡ್ಡಕ್ಕೆ ಆಡಿತೋ, ಉದ್ದಕ್ಕೆ ಆಡಿತೋ ನಾನು ಖಚಿತವಾಗಿ ಹೇಳಲಾರೆ. ಪ್ರಧಾನರು ಊರಲ್ಲಿಲ್ಲದಾಗ ಓಲೆ ಸಲಹೆ ಮಾತ್ರ, ತೀರ್ಮಾನ ನೆರಳಿನದು. ಆದ್ದರಿಂದ ನೆರಳು ಸ್ಪಷ್ಟವಾಗಿ ಕಾಣಬೇಕು."

"ಕಾಣಿಸೋಣ," ಎಂದರು ವಿಶ್ವಂಭರರು. "ನಾಳೆ ಸಂಜೆ ಐದಕ್ಕೆ ಕುರ್ಚಿಯನ್ನ ಬಂದರಿನ ಕಟ್ಟೆ ಮೇಲೆ ಇಡಿ. ಸಂಜೆ ನೆರಳು ಉದ್ದ ಇರುತ್ತೆ, ಪೇಟೆಬೀದಿಯೆಲ್ಲ ನೋಡಲಿ. ನಾನೇ ನಾಲ್ಕು ಮಾತಾಡಿ ಪ್ರಶ್ನೆ ಕೇಳ್ತೀನಿ. ಇವನು ಬಿಳಿಗಲ್ಲಿನ ಆಚೆ ತನ್ನ ಕೇರಿಯಲ್ಲಿ ನಿಂತು ಬೇಕಾದರೆ ಕೂಗಲಿ. ಐದು ಗಂಟೆಗೆ ಇವನು ಬೀದಿಗೆ ಬರೋ ಹಾಗೂ ಇಲ್ಲವಲ್ಲ!"

ನಾನು ತಲೆ ತಗ್ಗಿಸಿ, "ಆಗಲಿ ಬುದ್ಧೀ," ಎಂದೆ. ತಗ್ಗಿಸಿದ್ದು ನಗು ಮುಚ್ಚಲು. ಪೇಟೆಬೀದಿಯವರಿಗೆ ನೆರಳು ಬೇಕಿಲ್ಲದ ವಿಷಯ. ಅದು ಎಷ್ಟು ಹೊತ್ತಿಗೆ ಎಲ್ಲಿಗೆ ಹೋಗುತ್ತದೆ ಎಂದು ಅವರು ಹುಟ್ಟಿದಾಗಿನಿಂದ ಒಮ್ಮೆಯೂ ತಿರುಗಿ ನೋಡಿದವರಲ್ಲ. ನಮ್ಮ ಕೇರಿಯಲ್ಲಿ ಹಲ್ಲು ಬಾರದ ಮಗುವಿಗೂ ಅದರ ಅಳತೆ ಗೊತ್ತು.

ಆ ಸಂಜೆ ಕೇರಿಯಲ್ಲಿ ಒಂದು ಕೋಲು ನೆಟ್ಟು, ಕೆಂಪಿಯ ಕೈಗೆ ಹಗ್ಗ ಕೊಟ್ಟು, ಸೂರ್ಯ ಮುಳುಗುವವರೆಗೆ ಅಳೆದೆವು. ಕಟ್ಟೆಯ ಎತ್ತರ ಇಷ್ಟು, ಕುರ್ಚಿ ಇಷ್ಟು, ಕೂತ ಪ್ರಧಾನರು ಇಷ್ಟು, ಬೀದಿಯ ಉದ್ದ ಇಷ್ಟು. ಮುಳುಗಲು ಹತ್ತು ನಿಮಿಷ ಉಳಿದಾಗ ಪ್ರಧಾನರ ತಲೆ ಸರಿಯಾಗಿ ಬಿಳಿಗಲ್ಲು ದಾಟಿ ನಮ್ಮ ಕೇರಿಯೊಳಗೆ ಬರುತ್ತಿತ್ತು.

"ಅಷ್ಟೊತ್ತಿನವರೆಗೂ ಸಭೆ ನಡೀಬೇಕಲ್ಲಣ್ಣ?" ಎಂದಳು ಕೆಂಪಿ.

"ನಾಲ್ಕು ಮಾತಾಡ್ತೀನಿ ಅಂದವ್ರೆ ವಿಶ್ವಂಭರರು. ಅವರ ನಾಲ್ಕು ಮಾತು ಒಂದೂಕಾಲು ಗಂಟೆ. ಸೂರ್ಯನ ಲೆಕ್ಕ ಕಾಲೇಜಿನಲ್ಲಿ ಕಲ್ತೆ, ಅದು ತಪ್ಪಬೌದು. ಇವರ ಲೆಕ್ಕ ಜಗುಲಿ ಕೆಳಗೆ ಕಲ್ತಿದ್ದು, ತಪ್ಪಕಿಲ್ಲ."

ಗುರುವಾರ ಐದಕ್ಕೆ ಕುರ್ಚಿಯನ್ನು ಹೊತ್ತು ತಂದು ಕಟ್ಟೆಯ ಮೇಲಿಟ್ಟರು. ಹಿಂದೆ ಕಡಲು, ಕಡಲ ಮೇಲೆ ಸೂರ್ಯ. ನೆರಳು ಮೈ ಮುರಿದು ಬೀದಿಯ ಮೇಲೆ ಮಲಗಿತು. ತಿಂಗಳಿನಿಂದ ಕುಂಬಳಕಾಯಿಯಾಗಿದ್ದ ಪ್ರಧಾನರನ್ನು ಪೂರ್ತಿಯಾಗಿ ನೋಡಿ ಜನ ಚಪ್ಪಾಳೆ ತಟ್ಟಿದರು. ಪ್ರಧಾನರ ನೆರಳನ್ನು ತುಳಿಯಬಾರದೆಂದು ಎಲ್ಲರೂ ಎರಡು ಬದಿಯ ಜಗುಲಿ ಹತ್ತಿದರು, ನಡುಬೀದಿ ಖಾಲಿ. ಇತ್ತ ಬಿಳಿಗಲ್ಲಿನ ಈಚೆ ಇಡೀ ಕೊನೆಕೇರಿ ನಿಂತಿತ್ತು, ನಮ್ಮ ಮಿತಿಯೊಳಗೆ, ಯಾರಿಗೂ ತೊಂದರೆಯಿಲ್ಲದಂತೆ.

ವಿಶ್ವಂಭರರು ಶುರುಮಾಡಿದರು. "ಮಹಾಜನಗಳೇ, ಯುದ್ಧ ಎಂದರೆ ಯುದ್ಧ, ಸುಧಾರಣೆ ಎಂದರೆ ಸುಧಾರಣೆ!" ಇದನ್ನು ಯಾರೂ ಅಲ್ಲಗಳೆಯಲಿಲ್ಲ. "ಮನೆಗೆ ಬೆಂಕಿ ಬಿದ್ದಾಗ ಯಾರಾದರೂ ಗೋಡೆಗೆ ಸುಣ್ಣ ಬಳಿಯುತ್ತಾರೆಯೇ?" ಇಲ್ಲಿ ಅವರ ಕಡೆಯವರು ತಲೆದೂಗಿದರು. "ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ," ಎಂದು ಅವರು ಒಂಬತ್ತು ಸಲ ಹೇಳಿದರು. ನಾನು ಬೆರಳು ಮಡಚುತ್ತಿದ್ದೆ. ನೆರಳು ಒಂದೊಂದೇ ಅಂಗಡಿ ದಾಟಿ ಬರುತ್ತಿತ್ತು. ಬಟ್ಟೆಯಂಗಡಿ, ಪಾತ್ರೆಯಂಗಡಿ, ದಾದಿಯರ ಶಾಲೆ. ಆರನೆಯ "ಇನ್ನೊಂದು ಮಾತಿ"ಗೆ ಅದು ಮೀಸೆ ತಿರುವಿತು.

ಕೊನೆಗೆ ಅವರು ಕಟ್ಟೆಯತ್ತ ತಿರುಗಿ ಕೈ ಮುಗಿದು ಕೇಳಿದರು: "ಪ್ರಧಾನರೇ, ಮಸೂದೆ ಕೆಳಗಿಳಿಸಿ ದೋಣಿ ಕಳಿಸೋಣವೇ?"

ಎಲ್ಲರೂ ನೆರಳಿನ ತಲೆ ಹುಡುಕಿದರು. ಬೀದಿಯಲ್ಲಿ ಕಾಲಿತ್ತು, ಹೊಟ್ಟೆಯಿತ್ತು, ಎದೆಯಿತ್ತು, ತಲೆ ಇರಲಿಲ್ಲ. ತಲೆ ನಮ್ಮ ಕೇರಿಯಲ್ಲಿತ್ತು. ನನ್ನ ಅವ್ವ, ಕೆಂಪಿ, ಬಲೆ ಹೆಣೆಯುವ ಚಿಕ್ಕಪ್ಪ, ಎಲ್ಲರ ಕಾಲ ಮೇಲೂ ಪ್ರಧಾನರ ತಲೆ ಬಿದ್ದಿತ್ತು, ನಮ್ಮ ನೆರಳುಗಳೆಲ್ಲ ಅದರೊಳಗೆ ಕಲಸಿಹೋಗಿದ್ದವು. ಆ ತಲೆ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಮತ್ತೆ ಎಡಕ್ಕೆ ಹೋಯಿತು.

"ಇಲ್ಲಪ್ಪಾ, ಇಲ್ಲ," ಎಂದೆ ಪ್ರಧಾನರ ದನಿಯಲ್ಲಿ. ಹತ್ತಿರದ ಜಗುಲಿಗಳವರು ಕಣ್ಣಾರೆ ನೋಡಿ, "ಹೌದು, ಇಲ್ಲ ಅಂತಿದೆ," ಎಂದು ಮುಂದಿನ ಜಗುಲಿಗೆ ದಾಟಿಸಿದರು. ಆ ಮಾತು ಜಗುಲಿಯಿಂದ ಜಗುಲಿಗೆ ಕಟ್ಟೆಯವರೆಗೆ ಹೋಯಿತು.

ವಿಶ್ವಂಭರರು ಬೀದಿಯುದ್ದ ಓಡಿಬಂದರು, ಹಿಂದೆಯೇ ಮಸೂದೆ, ದೋಣಿಯ ಆಜ್ಞೆ ಎರಡೂ ಹಾಳೆ ಹಿಡಿದು ಕಮಲಾಕ್ಷಮ್ಮನವರು. ಬಿಳಿಗಲ್ಲಿನ ಹತ್ತಿರ ಬಂದು ಕೆಳಗೆ ನೋಡಿದವರೇ ವಿಶ್ವಂಭರರು ಕೂಗಿದರು: "ತಾಗಿಬಿಟ್ಟಿದೆ! ಕೇರಿಯವರ ನೆರಳು ತಾಗಿದೆ! ಇದು ಮೈಲಿಗೆಯ ತಲೆ. ಇದು ಹೇಳಿದ್ದು ಲೆಕ್ಕಕ್ಕಿಲ್ಲ!"

"ಸರಿ," ಎಂದರು ಕಮಲಾಕ್ಷಮ್ಮನವರು, ಲೇಖನಿಯ ಮುಚ್ಚಳ ತೆಗೆಯುತ್ತ. "ಹಾಗೆಯೇ ದಾಖಲಿಸುತ್ತೇನೆ. ಪ್ರಧಾನರ ನೆರಳಿಗೆ ಮೈಲಿಗೆ. ಇಂದಿನಿಂದ ಹನ್ನೊಂದು ದಿನ ಕುರ್ಚಿ ಖಾಲಿ. ಕುರ್ಚಿಯ ಆಜ್ಞೆ ಇಲ್ಲದೆ ಬಂದರಿನಿಂದ ಒಂದು ದೋಣಿಯೂ ಹೊರಡುವಂತಿಲ್ಲ. ಸೈನ್ಯಕ್ಕೆ ಉಳಿದಿರುವುದು ಒಂಬತ್ತು ದಿನ. ನಿಮ್ಮ ರುಜು ಇಲ್ಲಿ."

ವಿಶ್ವಂಭರರು ಲೇಖನಿಯನ್ನು ನೋಡಿದರು, ಕಡಲನ್ನು ನೋಡಿದರು. ನನಗೆ ಅವರ ಎಲ್ಲ ದನಿಯೂ ಗೊತ್ತಿತ್ತು. ಗದರುವ ದನಿ, ಬೆಣ್ಣೆಯ ದನಿ, ಹರಾಜಿನ ದನಿ. ಆಮೇಲೆ ಬಂದ ದನಿಯನ್ನು ಮಾತ್ರ ಯಾವ ಜಗುಲಿಯ ಕೆಳಗೂ ಕೇಳಿರಲಿಲ್ಲ.

"ಅಮ್ಮಾ, ಅಲ್ಲಿ ನನ್ನ ಮಗ ಇದಾನೆ."

"ನನ್ನ ದೊಡ್ಡಪ್ಪನ ಮಕ್ಕಳು ಇಬ್ಬರೂ ಅವ್ರೆ, ಯಜಮಾನ್ರೇ," ಎಂದಳು ಕೆಂಪಿ ಕಲ್ಲಿನ ಈಚೆಯಿಂದ. "ನಿಮ್ ಮಗನ ಪಕ್ಕದಲ್ಲೇ ಸಿಕ್ಕಾಕ್ಕಂಡವ್ರೆ. ಆ ದ್ವೀಪದಲ್ಲಿ ಯಾರ ನೆರಳು ಯಾರ ಮೇಲೆ ಬಿದ್ದದೆ ಅಂತ ಅವರು ಅಳೀತಾ ಕೂತಿಲ್ಲ."

ವಿಶ್ವಂಭರರು ಕಮಲಾಕ್ಷಮ್ಮನವರತ್ತ ತಿರುಗಿದರು. "ಮೈಲಿಗೆ ಇಲ್ಲ," ಎಂದರು.

"ಏನಂದಿರಿ?"

"ಇಲ್ಲ ಅಂದೆ. ತಾಗಿದೆ, ಆದರೆ ಮೈಲಿಗೆ ಇಲ್ಲ. ಬರ್ಕೊಳ್ಳಿ, ಬೇಗ ಬರ್ಕೊಳ್ಳಿ! ದೋಣಿಯ ಆಜ್ಞೆ ಎಲ್ಲಿ, ಇತ್ತ ಕೊಡಿ!"

ಅವರು ಆಜ್ಞೆಯ ಹಾಳೆಯನ್ನು ಕಿತ್ತುಕೊಂಡು, ಬಿಳಿಗಲ್ಲಿನಿಂದ ಪೇಟೆಯ ಕಡೆ ನಾಲ್ಕು ಹೆಜ್ಜೆ ದೂರದಲ್ಲಿ, ಪ್ರಧಾನರ ಬಲಗೈ ಬಿದ್ದಿದ್ದ ಕಡೆ ಹಿಡಿದರು. ಕೈ ಸರಿಯಿತು. ಅವರು ಹಾಳೆ ಸರಿಸಿದರು. ಕೈ ಮತ್ತೆ ಸರಿಯಿತು. ಆಮೇಲೆ ನೆರಳು ಎರಡು ಕೈಯನ್ನೂ ಬೀದಿಯ ಅಗಲಕ್ಕೆ ಚಾಚಿ, ಬೆರಳು ಬಿಡಿಸಿ, ಕಾದು ಕೂತಿತು. ನನ್ನ ಕೆಲಸ ಬಂದಿತ್ತು.

"ನೋಡಪ್ಪಾ, ಎರಡೂ ತನ್ನಿ," ಎಂದೆ. ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. "ಅಲ್ವೇ ಮತ್ತೆ?" ಎಂಬುದು ನಾಲಗೆಯ ತುದಿಗೆ ಬಂದದ್ದನ್ನೂ ನುಂಗಿಕೊಂಡೆ.

"ಮಸೂದೆಯನ್ನು ಯಾರಾದರೂ ಹಿಡಿಯಿರಿ," ಎಂದರು ಕಮಲಾಕ್ಷಮ್ಮನವರು. "ನಾನು ಎಣಿಸಬೇಕು." ಪೇಟೆಬೀದಿಯ ಜಗುಲಿಗಳಿಂದ ಯಾರೂ ಇಳಿಯಲಿಲ್ಲ. ಕೆಂಪಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಂಜೆ ಆರು ದಾಟಿದ ಹೊತ್ತಿನಲ್ಲಿ, ಬಿಳಿಗಲ್ಲಿನ ಮೇಲೆ ಕಾಲಿಟ್ಟು ಆಚೆ ಇಳಿದಳು. ಅವಳ ಉದ್ದ ನೆರಳು ಹಿಂದೆ ಕೇರಿಯ ಒಳಗೆ ನಮ್ಮೆಲ್ಲರ ನಡುವೆ ಬಿತ್ತು. ಹಾಳೆ ತೆಗೆದುಕೊಂಡು ಎಡಗೈಯ ಕೆಳಗೆ ಹಿಡಿದು ನಿಂತಳು. ಬಲಗೈಯ ಕೆಳಗೆ ವಿಶ್ವಂಭರರು. ನೆರಳಿನ ಎರಡು ಕೈಗಳೂ ಒಟ್ಟಿಗೆ ಇಳಿದವು.

"ಒಂದು," ಎಂದರು ಕಮಲಾಕ್ಷಮ್ಮನವರು. "ಎರಡು."

ನಲವತ್ತರ ಹೊತ್ತಿಗೆ ಕಡಲ ಮೇಲೊಂದು ಮೋಡ ತಲೆ ಎತ್ತಿತು. ನಮ್ಮ ಕೇರಿ ಮೋಡಕ್ಕೆ ಬೈದದ್ದು ಅದೇ ಮೊದಲು. ಮಳೆದೇವರಿಗೆ ದಿನಾ ಹೂ ಮುಡಿಸುವ ನನ್ನ ಅವ್ವ, "ಎಲ್ಲಾದ್ರೂ ಹಾಳಾಗ್ ಹೋಗೋ ನಿನ್ ಮನೆ ಕಾಯ್ವಾಗ," ಎಂದು ಕೈ ನೆಟಿಕೆ ಮುರಿದಳು. ಅರವತ್ತರಲ್ಲಿ ಸೂರ್ಯನ ಅಂಚು ಮಸುಕಾಯಿತು, ಕೈನೆರಳು ತೆಳ್ಳಗಾಯಿತು.

"ಬೇಗ ಎಣಿಸ್ರೀ ಅಮ್ಮಾ!" ವಿಶ್ವಂಭರರು ಅರಚಿದರು.

"ಎಪ್ಪತ್ತೊಂದು," ಎಂದರು ಕಮಲಾಕ್ಷಮ್ಮನವರು, ಅದೇ ಇಸ್ತ್ರಿಯ ಮಾತಿನಲ್ಲಿ. "ನಾನು ಬೇಗ ಎಣಿಸಿದರೆ ನಾಳೆ ನೀವೇ ತಕರಾರು ಹಾಕುತ್ತೀರಿ. ಎಪ್ಪತ್ತೆರಡು."

ಎಂಬತ್ತರಲ್ಲಿ ವಿಶ್ವಂಭರರ ತೋಳು ಸೋತು ಹಾಳೆ ನೆರಳಿನಿಂದ ಜಾರುವುದರಲ್ಲಿತ್ತು. ಕೆಂಪಿ ತನ್ನ ಹಾಳೆಯನ್ನು ಒಂದು ಕೈಯಲ್ಲೇ ಬಿಗಿಹಿಡಿದು, ಇನ್ನೊಂದು ಕೈ ಚಾಚಿ ಅವರ ಮೊಣಕೈಗೆ ಆಸರೆ ಕೊಟ್ಟಳು. ಅವರು ಕೈ ಕೊಸರಿಕೊಳ್ಳಲಿಲ್ಲ. ತೊಂಬತ್ತರ ನಂತರ ಜಗುಲಿಗಳೂ ಎಣಿಸಲು ಶುರುಮಾಡಿದವು, ನಮ್ಮ ಕೇರಿಯೂ ಎಣಿಸಿತು. ಯಾವ ದನಿ ಯಾರದೆಂದು ನನಗೇ ತಿಳಿಯಲಿಲ್ಲ. "ನೂರು" ಎಂದ ಮೇಲೂ ನೆರಳು ಸ್ವಲ್ಪ ಹೊತ್ತು ಇತ್ತು. ಆಮೇಲೆ ಮೋಡ ಬಂತು, ಎಲ್ಲರ ನೆರಳೂ ಹೋಯಿತು.

ಶುಕ್ರವಾರ ಬೆಳಗಿನ ಕಡಲಿಳಿತಕ್ಕೆ ನಲವತ್ತು ದೋಣಿ ಹೊರಟವು. ಹುಟ್ಟು ಹಾಕಲು ಕೇರಿಯವರು ಬೆಳ್ಳಂಬೆಳಗ್ಗೆ ಪೇಟೆಬೀದಿಯಲ್ಲೇ ನಡೆದು ಹೋದರು. ನೀರು ಚಿಮುಕಿಸುತ್ತಿದ್ದ ಹೆಂಗಸರು ಚೊಂಬು ಹಿಡಿದು ಹಾಗೇ ನಿಂತಿದ್ದರು. ಪ್ರಧಾನರಿಗೆ ನಡೆದದ್ದನ್ನೆಲ್ಲ ಬರೆದು ಕಳಿಸಿದೆ; ನಿಮ್ಮ ಓಲೆ ಒಂದು ಹೇಳಿತು, ನೆರಳು ಇನ್ನೊಂದು ತೋರಿಸಿತು, ನಾನು ನೆರಳಿನ ಮಾತನ್ನು ಹೇಳಿದೆ, ತಪ್ಪಾಗಿದ್ದರೆ ಬಂದು ಬೈಯಿರಿ ಎಂದು. ಕಾಗದವನ್ನು ನನ್ನ ಚಿಕ್ಕಪ್ಪನೇ ಮೊದಲ ದೋಣಿಯಲ್ಲಿ ಒಯ್ದ.

ಸೋಮವಾರ ಏಳೂವರೆಗೆ ಕೆಂಪಿ ಹೊರಟಳು. ನಾನೂ ಜೊತೆಗೆ ನಡೆದೆ. ಸೂರ್ಯ ನಮ್ಮ ಕೇರಿಯ ಹಿಂದೆ ಹುಟ್ಟಿ ಬೆನ್ನಿಗೆ ಬಡಿಯುತ್ತಿದ್ದ. ದೋಣಿಮನೆಯ ಜಗುಲಿಯಲ್ಲಿ ವಿಶ್ವಂಭರರು ಕಡಲ ಕಡೆ ಮುಖ ಮಾಡಿ ಕೂತಿದ್ದರು. ಹೆಜ್ಜೆಯ ಸದ್ದಿಗೆ ತಿರುಗಿದರು. ನಮ್ಮ ನೆರಳು ಜಗುಲಿ ಹತ್ತಿ ಅವರ ಕಾಲ ಮೇಲೆ ಹರಿದು ಹೋಗುತ್ತಿತ್ತು. ಅವರ ಕಾಲು ಅಭ್ಯಾಸಬಲದಿಂದ ಅರ್ಧ ಮೇಲೆದ್ದು, ಮತ್ತೆ ಕೆಳಗೆ ಕೂತಿತು.

"ಎಷ್ಟು ಗಂಟೆಗಮ್ಮ ಶಾಲೆ?"

"ಎಂಟಕ್ಕೆ, ಯಜಮಾನ್ರೇ."

"ಮತ್ತೇನು ನಿಂತೆ? ನಡಿ, ನಡಿ," ಎಂದು ಅವರು ಮತ್ತೆ ಕಡಲಿನ ಕಡೆ ತಿರುಗಿದರು.

ದಾದಿಯರ ಶಾಲೆಯ ಮುಂದೆ ಕೆಂಪಿ ಒಮ್ಮೆ ನಿಂತು ಉಸಿರು ಬಿಟ್ಟಳು. ಅವಳ ನೆರಳು ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬಾಗಿಲ ಒಳಗೆ ಅರ್ಧ ಹೋಗಿತ್ತು. ಅದರ ಹಿಂದೆ ಅವಳೂ ಹೋದಳು.